ಕೊನೆಯ ಪರೀಕ್ಷೆಗೆ ಯಾವ ವಿಷಯಗಳು? ಮಗಳು ಗಣಿತ ಬಿಡುತ್ತೇನೆ ಎನ್ನುತ್ತಿದ್ದಾಳೆ

ಮುಂಗಾರು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಶಾಲಾ ಓದಿನ ಕೊನೆಯ ಘಟ್ಟಕ್ಕೆ ಬಂದಿದ್ದಾಳೆ. ಭಾಷೆಗಳನ್ನು ಬಿಟ್ಟು ನಾಲ್ಕು ವಿಷಯಗಳನ್ನು ಆರಿಸಿ ಮೂರು ವಾರದೊಳಗೆ ಅರ್ಜಿ ತುಂಬಿಕೊಡಬೇಕಾಗಿದೆ, ಮತ್ತು ಆ ನಾಲ್ಕರಲ್ಲೇ ಅವಳು ಕೊನೆಯ ವರ್ಷದ ಸಾರ್ವಜನಿಕ ಪರೀಕ್ಷೆ ಬರೆಯಬೇಕಾಗುತ್ತದೆ. ಜೀವಶಾಸ್ತ್ರ ಮತ್ತು ಅರ್ಥಶಾಸ್ತ್ರ ಅವಳಿಗೆ ನಿಜವಾಗಿಯೂ ಇಷ್ಟ. ಯಾರೂ ಹೇಳದೆಯೇ ಅವನ್ನು ಓದುತ್ತಾಳೆ. ಮುಂದೆ ಮನಃಶಾಸ್ತ್ರ ಓದುವ ಆಸೆ ಇದೆ, ಆದರೆ ಅದೇ ಎಂದು ಗಟ್ಟಿಯಾಗಿಲ್ಲ. ಗಣಿತ ಮಾತ್ರ ಬೇಡವೇ ಬೇಡ ಎನ್ನುತ್ತಿದ್ದಾಳೆ.

ನಿನ್ನೆ ಅವಳ ಮೇಜಿನ ಮೇಲೆ ಒಂದು ಹಾಳೆ ಕಂಡೆ. ಪೆನ್ಸಿಲ್‌ನಲ್ಲಿ ನಾಲ್ಕು ಸಾಲು ಬರೆದಿದ್ದಳು. ನಾಲ್ಕನೆಯ ಸಾಲಿನಲ್ಲಿ ಗಣಿತ ಎಂದು ಬರೆದು, ಅಳಿಸಿ, ಅದರ ಮೇಲೆ ಇತಿಹಾಸ ಎಂದು ಬರೆದು, ಅದನ್ನೂ ಅಳಿಸಿ, ಮತ್ತೆ ಗಣಿತ ಎಂದು ಬರೆದು ಮತ್ತೆ ಅಳಿಸಿದ್ದಳು. ಆ ಜಾಗದಲ್ಲಿ ಕಾಗದವೇ ತೆಳ್ಳಗಾಗಿ ಹೋಗಿತ್ತು. ಬಾಯಲ್ಲಿ ಖಚಿತವಾಗಿ ಹೇಳುವ ಹುಡುಗಿಗೆ ಒಳಗೆ ಅಷ್ಟು ಖಚಿತವಿಲ್ಲ ಎಂದು ಆಗ ತಿಳಿಯಿತು. ಅವಳ ತಂದೆ ವಿಜ್ಞಾನದ ಎಲ್ಲ ವಿಷಯಗಳನ್ನೂ ತೆಗೆದುಕೊಳ್ಳಲಿ, ಬಾಗಿಲುಗಳು ತೆರೆದಿರುತ್ತವೆ ಎನ್ನುತ್ತಾರೆ. ನನಗೆ ಎರಡೂ ಕಡೆಯ ಮಾತು ಸರಿ ಎನಿಸುತ್ತದೆ, ಅದೇ ನನ್ನ ಕಷ್ಟ. ಅನುಭವ ಇರುವವರು, ಇದನ್ನು ಹೇಗೆ ಯೋಚಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ. ಯಾವುದನ್ನು ಆರಿಸಬೇಕು ಎಂಬ ಉತ್ತರಕ್ಕಿಂತ ಹೇಗೆ ಆರಿಸಬೇಕು ಎಂಬುದೇ ನನಗೆ ಬೇಕಾಗಿರುವುದು.

ಹಳೆಯ ಮೇಷ್ಟ್ರು:

ಅಮ್ಮಾ, ನಾನು ಮೂವತ್ತು ವರ್ಷ ಇದೇ ತರಗತಿಗಳಿಗೆ ಗಣಿತ ಕಲಿಸಿದವನು. ಆದ್ದರಿಂದ ನನ್ನ ಮಾತಿನಲ್ಲಿ ಗಣಿತದ ಪಕ್ಷಪಾತ ಸ್ವಲ್ಪ ಇದ್ದೇ ಇರುತ್ತದೆ, ಅದನ್ನು ಕಳೆದುಕೊಂಡು ಓದಿ.

ಮೊದಲು ಒಂದು ಕೆಲಸ ಮಾಡಿ. ಮಗಳ ಕಳೆದ ಮೂರು ಗಣಿತ ಪರೀಕ್ಷೆಗಳ ಉತ್ತರ ಪತ್ರಿಕೆಗಳನ್ನು ಹುಡುಕಿ ತೆಗೆಯಿರಿ. ಅಂಕಗಳನ್ನು ನೋಡಬೇಡಿ, ಪ್ರತಿ ಲೆಕ್ಕವೂ ಯಾವ ಸಾಲಿನಲ್ಲಿ ತಪ್ಪಿತು ಎಂಬುದನ್ನು ಮಾತ್ರ ನೋಡಿ. ಗಣಿತ ಬರುವುದಿಲ್ಲ ಎಂದು ನನ್ನ ಬಳಿ ಬಂದ ಮಕ್ಕಳಲ್ಲಿ ಬಹಳ ಮಂದಿಗೆ ಹೊಸ ಪಾಠ ಅರ್ಥವಾಗಿಯೇ ಇರುತ್ತಿತ್ತು. ಸೂತ್ರ ಸರಿ, ವಿಧಾನ ಸರಿ, ಆದರೆ ಐದನೆಯ ಸಾಲಿನಲ್ಲಿ ಎರಡು ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳನ್ನೂ ಕೂಡಿಸಿಬಿಡುತ್ತಿದ್ದರು, ಇಲ್ಲವೇ ಆವರಣದ ಹೊರಗಿನ ಋಣಚಿಹ್ನೆಯನ್ನು ಒಳಗಿನ ಎರಡನೆಯ ಪದಕ್ಕೆ ಹಂಚುವುದನ್ನು ಮರೆಯುತ್ತಿದ್ದರು. ಅಲ್ಲಿಂದ ಮುಂದೆ ಉತ್ತರ ತಪ್ಪೇ ಬರುತ್ತದೆ, ಮತ್ತು ಪ್ರತಿ ಬಾರಿಯೂ ಕೆಂಪು ಗೆರೆ ಕಂಡ ಮಗು ತನಗೆ ಈ ವಿಷಯವೇ ಆಗದು ಎಂದು ತೀರ್ಮಾನಿಸಿಬಿಡುತ್ತದೆ. ಆರನೆಯ ಅಥವಾ ಏಳನೆಯ ತರಗತಿಯಲ್ಲಿ ಉಳಿದುಹೋದ ಅಂಥ ಕೊರತೆಯನ್ನು ಒಂದು ರಜೆಯಲ್ಲಿ ಸರಿಪಡಿಸಬಹುದು. ಅದಕ್ಕಾಗಿ ಇಡೀ ವಿಷಯವನ್ನೇ ಬಿಡುವುದು ಮುಳ್ಳು ಚುಚ್ಚಿತೆಂದು ನಡೆಯುವುದನ್ನೇ ಬಿಟ್ಟಂತೆ.

ತಪ್ಪು ಬೇರೆ ಕಡೆ ಇದ್ದರೆ, ಅಂದರೆ ಪ್ರಶ್ನೆ ಓದಿ ಎಲ್ಲಿಂದ ಶುರುಮಾಡಬೇಕೆಂಬುದೇ ಹೊಳೆಯದೆ ಹಾಳೆ ಖಾಲಿ ಉಳಿದಿದ್ದರೆ, ಅದು ಬೇರೆ ಮಾತು. ಆಗಲೂ ಬಿಡಿ ಎಂದು ಹೇಳುವುದಿಲ್ಲ, ಆದರೆ ಆಗ ಚರ್ಚೆ ಬೇರೆ ರೀತಿ ನಡೆಯಬೇಕು.

ಎರಡನೆಯದು, ಅವಳು ಬಿಡಬೇಕೆಂದಿರುವುದು ಯಾವ ಗಣಿತ? ಈಗ ಹಲವು ಪಠ್ಯಕ್ರಮಗಳಲ್ಲಿ ಒಂದೇ ಗಣಿತ ಇಲ್ಲ. ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ (ಐಬಿ) ಎಂಬ ಅಂತರರಾಷ್ಟ್ರೀಯ ಶಾಲಾ ಪಠ್ಯಕ್ರಮದಲ್ಲಿ 2019ರಿಂದ ಎರಡು ಬೇರೆ ಬೇರೆ ಗಣಿತ ಪಠ್ಯಗಳಿವೆ: ಒಂದು ಬೀಜಗಣಿತ ಮತ್ತು ಕಲನಶಾಸ್ತ್ರಕ್ಕೆ ಒತ್ತುಕೊಟ್ಟದ್ದು, ಇನ್ನೊಂದು ಅನ್ವಯ, ಸಂಖ್ಯಾಶಾಸ್ತ್ರ ಮತ್ತು ತಂತ್ರಜ್ಞಾನದ ಬಳಕೆಗೆ ಒತ್ತುಕೊಟ್ಟದ್ದು. ಅವೆರಡರಲ್ಲೂ ಮತ್ತೆ ಉನ್ನತ ಮಟ್ಟ, ಸಾಮಾನ್ಯ ಮಟ್ಟ ಎಂದಿದೆ. ಸಿಬಿಎಸ್‌ಇ 2020-21ರಲ್ಲಿ ಹನ್ನೊಂದನೆಯ ತರಗತಿಗೆ ಅನ್ವಯಿಕ ಗಣಿತವನ್ನು ಬೇರೆ ವಿಷಯವಾಗಿಯೇ ತಂದಿತು, ಮುಖ್ಯವಾಗಿ ವಾಣಿಜ್ಯ ಮತ್ತು ಸಮಾಜವಿಜ್ಞಾನದ ಕಡೆ ಹೋಗುವವರಿಗಾಗಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲೂ ಕೊನೆಯ ವರ್ಷದ ಗಣಿತ ನಾಲ್ಕು ಬಗೆಗಳಲ್ಲಿದೆ. ಆದ್ದರಿಂದ ಗಣಿತ ಬೇಕೇ ಬೇಡವೇ ಎಂದು ಕೇಳುವ ಮೊದಲು, ನಿಮ್ಮ ಶಾಲೆಯಲ್ಲಿ ಎಷ್ಟು ಬಗೆಯ ಗಣಿತ ಇದೆ ಎಂದು ಕೇಳಿ. ಆದರೆ ಎಚ್ಚರಿಕೆ: ಹೆಸರಿನಲ್ಲಿ ಗಣಿತ ಇದ್ದ ಮಾತ್ರಕ್ಕೆ ಎಂಜಿನಿಯರಿಂಗ್ ಅಥವಾ ಭೌತವಿಜ್ಞಾನದ ಪದವಿಯವರು ಎಲ್ಲವನ್ನೂ ಒಪ್ಪುತ್ತಾರೆ ಎಂದುಕೊಳ್ಳಬಾರದು.

ಸೂಜಿಮಲ್ಲಿಗೆ:

ಮೇಷ್ಟ್ರು ಹೇಳಿದ್ದು ಬಹಳ ಸರಿಯಾಗಿದೆ. ನಾನು ಪದವಿ ಪ್ರವೇಶ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಮೇಜಿನ ಆ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ.

ಪ್ರತಿ ವರ್ಷವೂ ಕೆಲವು ಮಕ್ಕಳು ತುಂಬ ಒಳ್ಳೆಯ ಅಂಕಪಟ್ಟಿ ಹಿಡಿದು ಬರುತ್ತಿದ್ದರು, ಆದರೆ ಬೇಕಾದ ವಿಷಯವೇ ಅದರಲ್ಲಿ ಇರುತ್ತಿರಲಿಲ್ಲ. ಅಂಕ ಕಡಿಮೆ ಇದ್ದರೆ ಇನ್ನೊಂದು ಕಾಲೇಜಿಗೆ ಹೋಗಿ ಎನ್ನಬಹುದು. ವಿಷಯವೇ ಇಲ್ಲದಿದ್ದರೆ ಯಾವ ಕಾಲೇಜೂ ಏನೂ ಮಾಡುವಂತಿಲ್ಲ. ಎರಡು ವರ್ಷದ ಹಿಂದೆ ಯಾರಾದರೂ ಒಂದು ಮಾತು ಹೇಳಿದ್ದರೆ ಈ ಮಗು ಇಲ್ಲಿ ಹೀಗೆ ನಿಲ್ಲಬೇಕಾಗಿರಲಿಲ್ಲವಲ್ಲ ಎಂದು ಎಷ್ಟೋ ಬಾರಿ ಸಂಕಟವಾಗಿದೆ. ಅದಕ್ಕೇ ನಾನು ಹಿಂದಿನಿಂದ ಮುಂದಕ್ಕೆ ಬರಬೇಡಿ, ಮುಂದಿನಿಂದ ಹಿಂದಕ್ಕೆ ಬನ್ನಿ ಎನ್ನುತ್ತೇನೆ. ಮಗಳು ಹೋಗಬಹುದಾದ ನಾಲ್ಕೈದು ಪದವಿಗಳನ್ನು ಬರೆದುಕೊಂಡು, ಪ್ರತಿಯೊಂದರ ಪ್ರವೇಶ ನಿಯಮವನ್ನೂ ಸಂಸ್ಥೆಯ ಅಧಿಕೃತ ಪುಟದಲ್ಲೇ ಓದಿ. ಪರಿಚಿತರು ಹೇಳಿದ್ದು, ಕಳೆದ ವರ್ಷ ನೆರೆಯವರ ಮಗನಿಗೆ ಆದದ್ದು, ಇವು ಸಾಲದು, ನಿಯಮಗಳು ಬದಲಾಗುತ್ತವೆ. ಓದುವಾಗ ಕಡ್ಡಾಯ ಎಂಬ ಪದಕ್ಕೂ ಅಪೇಕ್ಷಿತ ಎಂಬ ಪದಕ್ಕೂ ಇರುವ ಅಂತರವನ್ನು ಗಮನಿಸಿ. ಕಡ್ಡಾಯ ಎಂದಿದ್ದರೆ ಅದಿಲ್ಲದೆ ಅರ್ಜಿಯೇ ಮುಂದೆ ಹೋಗುವುದಿಲ್ಲ. ಅಪೇಕ್ಷಿತ ಎಂದಿದ್ದರೆ ಸ್ಪರ್ಧೆ ಹೆಚ್ಚಿರುವ ಕಡೆ ಅದು ಕಡ್ಡಾಯಕ್ಕೆ ಹತ್ತಿರ, ಉಳಿದ ಕಡೆ ಅಷ್ಟಿಲ್ಲ.

ದೇಶದಿಂದ ದೇಶಕ್ಕೆ ಇದು ಹೇಗೆ ಬದಲಾಗುತ್ತದೆ ನೋಡಿ. ಭಾರತದಲ್ಲಿ ವೈದ್ಯಕೀಯಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು, ಗಣಿತ ಬೇಕಿಲ್ಲ. ಇಂಗ್ಲೆಂಡಿನಲ್ಲಿ ಶಾಲೆಯ ಕೊನೆಯ ಹಂತವಾದ ಎ ಲೆವೆಲ್‌ನಲ್ಲಿ ಸಾಮಾನ್ಯವಾಗಿ ಮೂರೇ ವಿಷಯಗಳನ್ನು ಓದುತ್ತಾರೆ, ಅಲ್ಲಿನ ಬಹುತೇಕ ವೈದ್ಯಕೀಯ ಕಾಲೇಜುಗಳು ರಸಾಯನಶಾಸ್ತ್ರವನ್ನೂ ಅನೇಕವು ಜೀವಶಾಸ್ತ್ರವನ್ನೂ ಕೇಳುತ್ತವೆ, ಭೌತಶಾಸ್ತ್ರಕ್ಕೆ ಅಷ್ಟು ಪಟ್ಟು ಹಿಡಿಯುವುದಿಲ್ಲ. ಅರ್ಥಶಾಸ್ತ್ರ ಎಂದರೆ ಕಲಾ ವಿಷಯ, ಗಣಿತ ಬೇಡ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಆದರೆ ಕೇಂಬ್ರಿಡ್ಜ್ ಮತ್ತು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅರ್ಥಶಾಸ್ತ್ರ ಪದವಿಗೆ ಗಣಿತ ಕಡ್ಡಾಯ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೂ ಕಡ್ಡಾಯ. ನಿಮ್ಮ ಮಗಳಿಗೆ ಅರ್ಥಶಾಸ್ತ್ರ ಇಷ್ಟ ಎಂದಿರಿ. ಗಣಿತ ಬಿಟ್ಟರೆ ಶಾಲೆಯಲ್ಲಿ ಅರ್ಥಶಾಸ್ತ್ರ ಓದಬಹುದು, ಆದರೆ ಮುಂದೆ ಅದೇ ವಿಷಯದ ಒಳ್ಳೆಯ ಪದವಿಗಳು ಕೈತಪ್ಪಬಹುದು. ಇದು ಅವಳಿಗೆ ತಿಳಿದಿದೆಯೇ?

ಮನಃಶಾಸ್ತ್ರದ ಮಾತು ಸ್ವಲ್ಪ ಬೇರೆ. ಪ್ರವೇಶಕ್ಕೆ ಶಾಲೆಯಲ್ಲಿ ಮನಃಶಾಸ್ತ್ರವನ್ನೇ ಓದಿರಬೇಕು ಎಂದು ಕೇಳುವವರು ಕಡಿಮೆ. ಆದರೆ ಪದವಿಯ ಒಳಗೆ ಹೋದ ಮೇಲೆ ಸಂಖ್ಯಾಶಾಸ್ತ್ರ ತಪ್ಪುವುದಿಲ್ಲ. ಪ್ರಯೋಗ ಮಾಡುವುದು, ದತ್ತಾಂಶ ಸಂಗ್ರಹಿಸುವುದು, ಅದರಲ್ಲಿ ಕಂಡ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ಲೆಕ್ಕ ಹಾಕುವುದು, ಇದೇ ಆ ಶಾಸ್ತ್ರದ ದಿನನಿತ್ಯದ ಕೆಲಸ. ಮನುಷ್ಯರ ಮನಸ್ಸನ್ನು ಅರಿಯುವ ಆಸೆಯಿಂದ ಬಂದ ಮಕ್ಕಳು ಮೊದಲ ವರ್ಷದಲ್ಲೇ ಈ ಪತ್ರಿಕೆಯ ಮುಂದೆ ಕಂಗಾಲಾಗುವುದನ್ನು ಕಂಡಿದ್ದೇನೆ.

ದಾರಿಹೋಕ:

ಎಲ್ಲರೂ ಗಣಿತ ಉಳಿಸಿಕೊಳ್ಳಿ ಎನ್ನುತ್ತಿದ್ದೀರಿ. ನಾನು ವಿರುದ್ಧದ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಕೊನೆಯ ವರ್ಷದಲ್ಲಿ ಲೆಕ್ಕಕ್ಕೆ ಬರುವುದು ಒಟ್ಟು ಅಂಕ. ನನ್ನ ದೊಡ್ಡ ಮಗ ಕಷ್ಟದ ವಿಷಯಗಳನ್ನೇ ಹಿಡಿದು ಒದ್ದಾಡಿ ಸಾಧಾರಣ ಅಂಕ ತಂದ. ಅವನ ಗೆಳೆಯ ಸುಲಭವಾಗಿ ಅಂಕ ಬರುವ ವಿಷಯಗಳನ್ನು ಆರಿಸಿ ಒಳ್ಳೆಯ ಕಾಲೇಜಿಗೆ ಹೋದ. ಎರಡನೆಯ ಮಗನ ವಿಷಯದಲ್ಲಿ ನಾನು ಆ ತಪ್ಪು ಮಾಡುವುದಿಲ್ಲ. ಅಂಕ ಬರುವ ವಿಷಯ ಯಾವುದು ಎಂದು ನೋಡಿಯೇ ಆರಿಸುತ್ತೇನೆ.

ಹಳೆಯ ಮೇಷ್ಟ್ರು:

ನಿಮ್ಮ ನೋವು ಅರ್ಥವಾಗುತ್ತದೆ ಸರ್, ಒಟ್ಟು ಅಂಕಕ್ಕೆ ಬೆಲೆ ಇಲ್ಲ ಎಂದು ನಾನೂ ಹೇಳಲಾರೆ. ಆದರೆ ಅಂಕದ ಲೆಕ್ಕಾಚಾರದಿಂದಲೇ ವಿಷಯ ಆರಿಸುವುದು ಇಡೀ ಒಂದು ಪ್ರಾಂತ್ಯದ ಮಟ್ಟದಲ್ಲಿ ನಡೆದಾಗ ಏನಾಯಿತು ಎಂಬುದಕ್ಕೆ ಚೀನಾದ ಉದಾಹರಣೆ ಇದೆ. ಅಲ್ಲಿ 2014ರಲ್ಲಿ ಶಾಂಘೈ ಮತ್ತು ಝೆಜಿಯಾಂಗ್‌ನಲ್ಲಿ ವಿಜ್ಞಾನ, ಕಲೆ ಎಂಬ ವಿಭಾಗವನ್ನು ತೆಗೆದು, ಮಕ್ಕಳು ತಮಗೆ ಬೇಕಾದ ಮೂರು ವಿಷಯಗಳನ್ನು ಆರಿಸಿಕೊಳ್ಳಬಹುದು ಎಂಬ ಸುಧಾರಣೆ ಬಂತು. 2017ರಲ್ಲಿ ಆ ಪದ್ಧತಿಯ ಮೊದಲ ಪರೀಕ್ಷೆ ನಡೆಯಿತು. ಆಯ್ಕೆಯ ವಿಷಯದಲ್ಲಿ ಬರುವ ಅಂಕ, ಅದೇ ವಿಷಯ ಆರಿಸಿದ ಇತರರ ನಡುವೆ ಮಗುವಿನ ಸ್ಥಾನ ಎಷ್ಟನೆಯದು ಎಂಬುದರ ಮೇಲೆ ನಿಂತಿತ್ತು. ಭೌತಶಾಸ್ತ್ರವನ್ನು ಜಾಣ ಮಕ್ಕಳೇ ಹೆಚ್ಚಾಗಿ ಆರಿಸುತ್ತಾರೆ, ಅವರ ನಡುವೆ ನಮ್ಮ ಮಗು ಹಿಂದೆ ಬೀಳುತ್ತದೆ ಎಂದು ಹೆದರಿದ ಕುಟುಂಬಗಳು ಅದನ್ನು ಕೈಬಿಟ್ಟವು. ಅವರು ಬಿಟ್ಟ ಮೇಲೆ ಉಳಿದವರ ನಡುವೆ ಪೈಪೋಟಿ ಇನ್ನೂ ಬಿಗಿಯಾಯಿತು, ಮತ್ತಷ್ಟು ಮಂದಿ ಬಿಟ್ಟರು. ಎಂಜಿನಿಯರಿಂಗ್ ಓದಬೇಕೆಂದಿದ್ದ ಮಕ್ಕಳೂ ಭೌತಶಾಸ್ತ್ರವಿಲ್ಲದೆ ಬರತೊಡಗಿದಾಗ, ಮುಂದೆ ಬಂದ ಪ್ರಾಂತ್ಯಗಳ ಪದ್ಧತಿಯಲ್ಲಿ ಭೌತಶಾಸ್ತ್ರ ಅಥವಾ ಇತಿಹಾಸ, ಎರಡರಲ್ಲಿ ಒಂದು ಇರಲೇಬೇಕು ಎಂದು ಮಾಡಬೇಕಾಯಿತು.

ಆಸ್ಟ್ರೇಲಿಯಾದಲ್ಲಿ ಇದನ್ನು ಬೇರೆ ರೀತಿ ನಿಭಾಯಿಸುತ್ತಾರೆ. ಒಂದು ವಿಷಯವನ್ನು ಆರಿಸಿದ ಮಕ್ಕಳು ತಮ್ಮ ಉಳಿದ ವಿಷಯಗಳಲ್ಲಿ ಎಷ್ಟು ಚೆನ್ನಾಗಿ ಮಾಡಿದ್ದಾರೆ ಎಂಬುದನ್ನು ನೋಡಿ ಆ ವಿಷಯದ ಅಂಕಗಳನ್ನು ಮೇಲಕ್ಕೋ ಕೆಳಕ್ಕೋ ಹೊಂದಿಸುತ್ತಾರೆ. ಅಲ್ಲಿನ ಪೋಷಕರಲ್ಲೂ ಅಂಕ ಮೇಲೇರುವ ವಿಷಯ ಯಾವುದು ಎಂಬ ಮಾತು ನಡೆಯುತ್ತದೆ, ಆದರೆ ಆ ಹೊಂದಾಣಿಕೆಯ ಉದ್ದೇಶವೇ ಯಾವ ವಿಷಯ ಆರಿಸಿದರೂ ಯಾರಿಗೂ ಪುಕ್ಕಟೆ ಲಾಭ ಸಿಗಬಾರದು ಎಂಬುದು. ಕಷ್ಟದ ವಿಷಯದಲ್ಲಿ ತೀರ ಕೆಳಗೆ ಉಳಿದ ಮಗುವನ್ನು ಯಾವ ಹೊಂದಾಣಿಕೆಯೂ ಮೇಲೆತ್ತುವುದಿಲ್ಲ.

ನಿಮ್ಮ ಎರಡನೆಯ ಮಗನಿಗೆ ಯಾವ ವಿಷಯದಲ್ಲಿ ಅಂಕ ಬರುತ್ತದೆ ಎಂಬುದನ್ನು ಊರಿನ ಮಾತಿನಿಂದ ತೀರ್ಮಾನಿಸಬೇಡಿ. ಅವನು ಯಾವುದನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಓದುತ್ತಾನೋ ಅದರಲ್ಲಿ ಬರುತ್ತದೆ.

ಎರಡನೆಯ ಬೆಂಚು:

ನಾನು ಈಗ ಕೊನೆಯ ವರ್ಷದಲ್ಲಿ ಓದುತ್ತಿರುವ ವಿದ್ಯಾರ್ಥಿ. ದೊಡ್ಡವರು ಮಾತನಾಡುವ ಕಡೆ ಬರೆಯುತ್ತಿದ್ದೇನೆ, ಕ್ಷಮಿಸಿ, ಆದರೆ ಈ ನಿರ್ಧಾರದ ಜೊತೆ ದಿನವೂ ಬದುಕುತ್ತಿರುವವನು ನಾನು.

ಹತ್ತನೆಯ ತರಗತಿಯಲ್ಲಿ ರಸಾಯನಶಾಸ್ತ್ರದಲ್ಲಿ ಬಹಳ ಅಂಕ ಬಂದಿದ್ದರಿಂದ ಅದನ್ನು ಆರಿಸಿದೆ. ಆಗ ಅದು ಹೆಚ್ಚಾಗಿ ನೆನಪಿನ ಕೆಲಸವಾಗಿತ್ತು. ಈಗ ಅದು ಬೇರೆಯೇ ವಿಷಯ: ಎಲೆಕ್ಟ್ರಾನುಗಳು ಎಲ್ಲಿಂದ ಎಲ್ಲಿಗೆ ಸರಿಯುತ್ತವೆ ಎಂದು ಬಾಣದ ಗುರುತು ಹಾಕಿ ಪ್ರತಿ ಹಂತಕ್ಕೂ ಕಾರಣ ಕೊಡಬೇಕು. ವಿಷಯದ ಹೆಸರು ಅದೇ, ಕೆಲಸ ಮಾತ್ರ ಬದಲಾಗಿದೆ. ಇದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಗಾಗಿ ಆಂಟಿ, ನಿಮ್ಮ ಮಗಳಿಗೆ ಹೇಳಿ: ಪ್ರತಿ ವಿಷಯದ ಕೊನೆಯ ವರ್ಷದ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೆಗೆದುಕೊಂಡು ಒಂದು ಗಂಟೆ ಅದರ ಜೊತೆ ಕೂರಲಿ. ಉತ್ತರ ಗೊತ್ತಾಗಬೇಕಿಲ್ಲ. ಈ ತರಹದ ಪ್ರಶ್ನೆಗಳ ಮುಂದೆ ಎರಡು ವರ್ಷ ಕೂರಲು ಮನಸ್ಸಿದೆಯೇ ಎಂದು ತಿಳಿದರೆ ಸಾಕು. ಒಂದು ವರ್ಷ ಮುಂದಿರುವ ವಿದ್ಯಾರ್ಥಿಯ ನೋಟ್ಸ್ ಮತ್ತು ಲ್ಯಾಬ್ ರೆಕಾರ್ಡ್ ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನೊಂದು ವಿಷಯ ಸಮಯದ್ದು. ಪ್ರಯೋಗ, ಪ್ರಾಜೆಕ್ಟ್, ದೀರ್ಘ ಪ್ರಬಂಧ ಇರುವ ವಿಷಯಗಳು ಎಲ್ಲವೂ ಒಂದೇ ತಿಂಗಳಲ್ಲಿ ಗಡುವು ಇಟ್ಟುಕೊಂಡಿರುತ್ತವೆ. ಐಬಿಯಲ್ಲಿ ಉನ್ನತ ಮಟ್ಟದ ವಿಷಯಕ್ಕೆ 240 ಗಂಟೆ ಬೋಧನೆ, ಸಾಮಾನ್ಯ ಮಟ್ಟದ್ದಕ್ಕೆ 150 ಗಂಟೆ ಎಂದು ಶಿಫಾರಸು ಇದೆ, ಅಂದರೆ ಒಂದು ಉನ್ನತ ವಿಷಯ ಹೆಚ್ಚು ಕಡಿಮೆ ಒಂದೂವರೆ ವಿಷಯಕ್ಕೆ ಸಮ. ನಾಲ್ಕು ವಿಷಯ ಎಂದರೆ ನಾಲ್ಕು ಸಮಾನ ಭಾರ ಎಂದು ನಾನು ತಿಳಿದಿದ್ದೆ, ಅದು ಹಾಗಲ್ಲ.

ಬೆಳಗಿನ ಓದು:

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ಒಂದು ಅಸಮಾಧಾನವನ್ನು ಹೇಳಲೇಬೇಕು. ನಾನು ಇತಿಹಾಸದ ಉಪನ್ಯಾಸಕಿ. ಮುಂಗಾರು ಅವರ ಮಗಳು ಹಾಳೆಯಲ್ಲಿ ಇತಿಹಾಸ ಎಂದೂ ಬರೆದಿದ್ದಳು, ಆದರೆ ಇಷ್ಟು ಜನ ಬರೆದರೂ ಆ ಸಾಲಿನ ಬಗ್ಗೆ ಒಬ್ಬರೂ ಒಂದು ಮಾತು ಕೇಳಲಿಲ್ಲ. ಗಣಿತ ಬಿಟ್ಟರೆ ಏನು ಹೋಗುತ್ತದೆ ಎಂದು ಎಲ್ಲರೂ ಲೆಕ್ಕ ಹಾಕಿದಿರಿ. ಇತಿಹಾಸ ಬಿಟ್ಟರೆ ಏನು ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ.

ಕೊನೆಯ ವರ್ಷದ ಇತಿಹಾಸ ಇಸವಿಗಳ ಉರುಹೊಡೆಯುವಿಕೆ ಅಲ್ಲ. ಒಂದೇ ಘಟನೆಯ ಬಗ್ಗೆ ಒಂದಕ್ಕೊಂದು ಒಪ್ಪದ ಎರಡು ದಾಖಲೆಗಳನ್ನು ಎದುರಿಗಿಟ್ಟುಕೊಂಡು, ಯಾರು ಯಾವಾಗ ಯಾರಿಗಾಗಿ ಬರೆದರು ಎಂದು ವಿಚಾರಿಸಿ, ತನ್ನ ತೀರ್ಮಾನವನ್ನು ಕಾರಣಸಹಿತ ನಾಲ್ಕು ಪುಟ ಬರೆಯುವ ಅಭ್ಯಾಸ ಅದು. ಕಾನೂನು, ಆಡಳಿತ, ಪತ್ರಿಕೋದ್ಯಮ ಎಲ್ಲಕ್ಕೂ ಇದೇ ಬಂಡವಾಳ. ಮನಃಶಾಸ್ತ್ರದಲ್ಲೂ ಸಂಖ್ಯೆಗಳ ಜೊತೆಗೆ ದೀರ್ಘವಾಗಿ ಬರೆಯಬೇಕಾಗುತ್ತದೆ. ನನ್ನ ತರಗತಿಗೆ ಪ್ರತಿ ವರ್ಷವೂ ಬೇರೆಲ್ಲೂ ಸೀಟು ಸಿಗದೆ ಬಂದವರು ಕೆಲವರು, ಮನೆಯಲ್ಲಿ ಜಗಳವಾಡಿ ಇಷ್ಟಪಟ್ಟು ಬಂದವರು ಕೆಲವರು ಇರುತ್ತಾರೆ. ಎರಡನೆಯ ಗುಂಪಿನವರು ಬರೆಯುವುದನ್ನು ಓದುವುದೇ ನನಗೆ ಈ ವೃತ್ತಿ ಕೊಟ್ಟ ದೊಡ್ಡ ಸಂತೋಷ. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ ಮತ್ತು ವಿಜ್ಞಾನಗಳ ನಡುವೆ ಗಟ್ಟಿ ಗೋಡೆ ಬೇಡ ಎಂದು ಸ್ಪಷ್ಟವಾಗಿಯೇ ಹೇಳಿದೆ. ಮನೆಯೊಳಗಿನ ಗೋಡೆ ಇನ್ನೂ ಹಾಗೆಯೇ ಇದೆ.

ಹಳೆಯ ಮೇಷ್ಟ್ರು:

ಮೇಡಂ, ನಿಮ್ಮ ಮಾತು ನ್ಯಾಯವಾದದ್ದು, ಆ ತಪ್ಪು ನನ್ನಿಂದಲೂ ಆಗಿದೆ. ಗಣಿತದ ಬಗ್ಗೆ ಅಷ್ಟು ಹೇಳಿದ್ದಕ್ಕೆ ಒಂದೇ ಕಾರಣ. ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಎರಡು ವರ್ಷ ಬಿಟ್ಟ ಮಗು ಪದವಿಯಲ್ಲಿ ಮತ್ತೆ ಶುರುಮಾಡಬಹುದು, ಬಹಳ ಮಂದಿ ಮಾಡುತ್ತಾರೆ. ಗಣಿತದಲ್ಲಿ ಮೆಟ್ಟಿಲು ತಪ್ಪಿದರೆ ಮುಂದಿನ ಮೆಟ್ಟಿಲು ಸಿಗುವುದಿಲ್ಲ. ಫ್ರಾನ್ಸ್‌ನಲ್ಲಿ ಇದು ನಡೆಯಿತು. ಅಲ್ಲಿ ಹಳೆಯ ವಿಭಾಗಗಳನ್ನು ತೆಗೆದು, ಕೊನೆಯ ವರ್ಷದ ಹಿಂದಿನ ತರಗತಿಯಲ್ಲಿ ಮೂರು ವಿಶೇಷ ವಿಷಯ, ಕೊನೆಯ ವರ್ಷದಲ್ಲಿ ಎರಡು ಎಂದು ಮಾಡಿದರು. 2021ರಲ್ಲಿ ಆ ಪದ್ಧತಿಯ ಮೊದಲ ಬ್ಯಾಕಲೋರಿಯಾ, ಅಂದರೆ ಅಲ್ಲಿನ ಶಾಲಾ ಓದಿನ ಕೊನೆಯ ಪರೀಕ್ಷೆ, ನಡೆಯಿತು. ಗಣಿತ ಎಲ್ಲರಿಗೂ ಸಾಮಾನ್ಯವಾದ ಪಠ್ಯದಿಂದ ಹೊರಬಿತ್ತು, ಅದನ್ನು ಬಿಟ್ಟವರ ಸಂಖ್ಯೆ, ಮುಖ್ಯವಾಗಿ ಹುಡುಗಿಯರಲ್ಲಿ, ಎಷ್ಟು ಕಳವಳ ಹುಟ್ಟಿಸಿತೆಂದರೆ 2023ರಿಂದ ಗಣಿತವನ್ನು ವಿಶೇಷ ವಿಷಯವಾಗಿ ಆರಿಸದವರಿಗೂ ವಾರಕ್ಕೆ ಒಂದೂವರೆ ಗಂಟೆ ಗಣಿತವನ್ನು ಮತ್ತೆ ಕಡ್ಡಾಯ ಮಾಡಿದರು. ಹುಡುಗಿಯರ ವಿಷಯ ಬಂದಾಗ ನನಗೆ ಮನಸ್ಸಿಗೆ ಕಷ್ಟವಾಗುತ್ತದೆ. ನಿನಗೆ ಗಣಿತ ಯಾಕಮ್ಮ ಎಂದು ಹೇಳಿ ಎಷ್ಟು ಒಳ್ಳೆಯ ತಲೆಗಳನ್ನು ನಾವೇ ಕಳೆದುಕೊಂಡಿದ್ದೇವೋ.

ಯಂತ್ರಶಾಲೆ:

ಇಲ್ಲಿ ಯಾರೂ ಹೇಳದ ಒಂದು ದಾರಿ ಇದೆ, ನಾನು ಬಂದದ್ದು ಆ ದಾರಿಯಲ್ಲಿ. ಹತ್ತನೆಯ ತರಗತಿ ಮುಗಿಸಿ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಓದಿ, ಅಲ್ಲಿಂದ ನೇರವಾಗಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಿದೆ. ಭಾರತದಲ್ಲಿ ಈ ಅವಕಾಶ ಇರುವುದು ಎಷ್ಟೋ ಮನೆಗಳಿಗೆ ತಿಳಿದಿಲ್ಲ, ತಿಳಿದವರೂ ಓದು ಹತ್ತದವರ ದಾರಿ ಎಂದು ಮೂಗು ಮುರಿಯುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಕಡ್ಡಾಯ ಶಿಕ್ಷಣ ಮುಗಿಸಿದ ಮಕ್ಕಳಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ವೃತ್ತಿಶಿಕ್ಷಣಕ್ಕೇ ಹೋಗುತ್ತಾರೆ, ಮತ್ತು ಅಲ್ಲಿಂದ ಉನ್ನತ ಶಿಕ್ಷಣಕ್ಕೆ ಹೋಗುವ ಸೇತುವೆಯೂ ಇದೆ. ಇಂಗ್ಲೆಂಡಿನಲ್ಲಿ 2020ರಲ್ಲಿ ಶುರುವಾದ ಟಿ ಲೆವೆಲ್ ಎಂಬ ಎರಡು ವರ್ಷದ ಕೋರ್ಸು ಮೂರು ಎ ಲೆವೆಲ್‌ಗಳಿಗೆ ಸಮ. ಅದರಲ್ಲಿ ಕನಿಷ್ಠ 45 ದಿನ ಕೆಲಸದ ಸ್ಥಳದಲ್ಲೇ ಕಲಿಯಬೇಕು.

ಮುಂಗಾರು ಅವರ ಮಗಳಿಗೆ ಇದು ಹೊಂದುವುದಿಲ್ಲ, ಅದು ನನಗೂ ಗೊತ್ತು. ಆದರೆ ಈ ಚರ್ಚೆಯನ್ನು ಓದುವ ಬೇರೆ ತಂದೆತಾಯಂದಿರಲ್ಲಿ ಕೈಕೆಲಸದಲ್ಲಿ ಬುದ್ಧಿ ಓಡುವ ಮಕ್ಕಳಿರುವವರು ಇದ್ದೇ ಇರುತ್ತಾರೆ. ಈ ದಾರಿ ಹಿಡಿಯುವವರು ಕೇಳಬೇಕಾದ ಪ್ರಶ್ನೆ ಒಂದೇ: ಇದು ಮುಗಿದ ಮೇಲೆ ಮುಂದಿನ ಓದಿಗೆ ಸೇತುವೆ ಇದೆಯೇ, ಆ ಸೇತುವೆಗೆ ಯಾವ ವಿಷಯ ಬೇಕು? ನನ್ನ ಜೊತೆ ಸೇರಿದವರಲ್ಲಿ ಹಲವರು ಎರಡನೆಯ ವರ್ಷದ ಎಂಜಿನಿಯರಿಂಗ್ ಗಣಿತದಲ್ಲೇ ಕಷ್ಟಪಟ್ಟರು. ಮೇಷ್ಟ್ರು ಹೇಳಿದ ಮೆಟ್ಟಿಲು ಅಲ್ಲೂ ಇತ್ತು.

ಮುಂಗಾರು:

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದಗಳು. ಮೇಷ್ಟ್ರು ಹೇಳಿದಂತೆ ಉತ್ತರ ಪತ್ರಿಕೆಗಳನ್ನು ತೆಗೆದು ನಾನೂ ಮಗಳೂ ಜೊತೆಯಾಗಿ ಕೂತೆವು. ಹದಿನಾಲ್ಕು ಲೆಕ್ಕಗಳು ತಪ್ಪಾಗಿದ್ದವು. ಅವಳೇ ಒಂದೊಂದರಲ್ಲೂ ತಪ್ಪಿದ ಸಾಲಿಗೆ ಹಸಿರು ಗುರುತು ಹಾಕುತ್ತಾ ಹೋದಳು. ಒಂಬತ್ತು ಕಡೆ ಭಿನ್ನರಾಶಿ ಅಥವಾ ಚಿಹ್ನೆಯ ತಪ್ಪು. ಮೂರು ಕಡೆ ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದಳು. ಎರಡು ಮಾತ್ರ ನಿಜವಾಗಿ ತಿಳಿಯದವು. ಅವಳು ಬಹಳ ಹೊತ್ತು ಸುಮ್ಮನಿದ್ದು, ಅಮ್ಮ, ಇಷ್ಟು ದಿನ ನಾನು ಹೆದರಿದ್ದು ಇದಕ್ಕೇನಾ ಎಂದಳು. ನನಗೆ ಕಣ್ಣು ತುಂಬಿತು.

ಇತಿಹಾಸದ ಬಗ್ಗೆಯೂ ಕೇಳಿದೆ. ಅದು ಅವಳಿಗೆ ಇಷ್ಟವೇ, ಆದರೆ ಆ ಸಾಲಿನಲ್ಲಿ ಬರೆದದ್ದು ಗಣಿತದಿಂದ ತಪ್ಪಿಸಿಕೊಳ್ಳಲು ಎಂದು ಒಪ್ಪಿಕೊಂಡಳು. ಈಗ ಉಳಿದಿರುವ ಪ್ರಶ್ನೆ ಭೌತಶಾಸ್ತ್ರದ್ದು. ಅವಳ ತಂದೆ ಅದೂ ಇರಲಿ ಎನ್ನುತ್ತಾರೆ. ಗಣಿತ, ಜೀವಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಅದನ್ನು ತೆಗೆದುಕೊಂಡರೆ ಅರ್ಥಶಾಸ್ತ್ರಕ್ಕೆ ಜಾಗವಿಲ್ಲ. ಆರಿಸಿದ ಮೇಲೆ ತಪ್ಪಾಯಿತು ಎನಿಸಿದರೆ ಬದಲಿಸಲು ಎಷ್ಟು ಅವಕಾಶ ಇರುತ್ತದೆ ಎಂಬುದನ್ನೂ ಯಾರಾದರೂ ತಿಳಿಸಿ.

ಸೂಜಿಮಲ್ಲಿಗೆ:

ಬದಲಿಸುವ ಅವಕಾಶ ಮೊದಲ ಕೆಲವು ವಾರಗಳಲ್ಲಿ ಬಹುತೇಕ ಶಾಲೆಗಳಲ್ಲಿ ಇರುತ್ತದೆ. ಕೊನೆಯ ದಿನ ಯಾವುದು ಎಂಬುದನ್ನು ಶಾಲೆಯಿಂದ ಬರಹದಲ್ಲಿ ಪಡೆದುಕೊಳ್ಳಿ. ಬದಲಾವಣೆಗೆ ಒಂದು ದಿಕ್ಕು ಸುಲಭ: ಹೆಚ್ಚಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಇಳಿಯುವುದು. ಕೆಳಗಿನಿಂದ ಮೇಲೇರುವುದು ಅಷ್ಟು ಸುಲಭವಲ್ಲ, ಏಕೆಂದರೆ ತಪ್ಪಿಹೋದ ಪಾಠಗಳನ್ನು ಸ್ವಂತವಾಗಿ ಕಲಿಯಬೇಕು. ಎರಡು ಮಟ್ಟಗಳ ನಡುವೆ ಅನುಮಾನವಿದ್ದರೆ ಮೇಲಿನದರಿಂದ ಶುರುಮಾಡಿ ಎಂದು ನಾನು ಹೇಳುವುದು ಅದಕ್ಕೇ.

ಪೂರ್ತಿ ಮುಚ್ಚಿದ ಬಾಗಿಲೂ ಕೆಲವೊಮ್ಮೆ ತೆರೆಯುತ್ತದೆ. ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರ ಓದದವರು ಮಾನ್ಯತೆ ಪಡೆದ ಮಂಡಳಿಯಿಂದ ಅದನ್ನು ಹೆಚ್ಚುವರಿ ವಿಷಯವಾಗಿ ಆಮೇಲೆ ತೆಗೆದುಕೊಂಡರೂ ನೀಟ್ ಬರೆಯಬಹುದು ಎಂದು ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ತಿಳಿಸಿತು. ಆದರೆ ಅದು ಒಂದು ವರ್ಷದ ಹೆಚ್ಚುವರಿ ದುಡಿಮೆ. ಅದನ್ನು ನಂಬಿಕೊಂಡು ಇಂದಿನ ನಿರ್ಧಾರವನ್ನು ಹಗುರ ಮಾಡಿಕೊಳ್ಳಬಾರದು.

ಭೌತಶಾಸ್ತ್ರ ಬಿಟ್ಟರೆ ಭಾರತದಲ್ಲಿ ಎಂಜಿನಿಯರಿಂಗ್‌ನ ಬಹುತೇಕ ಶಾಖೆಗಳೂ ವೈದ್ಯಕೀಯವೂ ಹೋಗುತ್ತವೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ವಾಯುಪಡೆ, ನೌಕಾಪಡೆ ವಿಭಾಗಗಳೂ ಹೋಗುತ್ತವೆ. ಇದನ್ನು ಮಗಳ ಮುಂದೆ, ಅವಳ ತಂದೆಯವರೂ ಇರುವಾಗ, ಹೆಸರು ಹಿಡಿದು ಓದಿ. ಈ ಮೂರರಲ್ಲಿ ಒಂದಾದರೂ ಅವಳಿಗೆ ಬೇಕೇ ಎಂದು ಕೇಳಿ. ಎಲ್ಲ ಬಾಗಿಲುಗಳನ್ನೂ ತೆರೆದಿಡುವ ಸಂಯೋಜನೆ ಎಲ್ಲೂ ಇಲ್ಲ. ಭೌತಶಾಸ್ತ್ರವನ್ನು ಇಟ್ಟುಕೊಂಡರೆ ಅರ್ಥಶಾಸ್ತ್ರ ಹೋಗುತ್ತದೆ ಎಂದು ನೀವೇ ಬರೆದಿದ್ದೀರಿ.

ಎರಡನೆಯ ಬೆಂಚು:

ಆ ತಂಗಿಗೆ ನನ್ನ ಕಡೆಯಿಂದ ಒಂದು ಮಾತು. ಗೆಳತಿಯರು ಯಾವ ವಿಷಯ ಆರಿಸಿದರು ಎಂದು ನೋಡಬೇಡ. ಗೆಳೆಯನೊಬ್ಬ ನನ್ನ ಪಕ್ಕದಲ್ಲಿ ಕೂರುತ್ತಾನೆ ಎಂದು ನಾನು ಒಂದು ವಿಷಯ ಆರಿಸಿದೆ, ಆ ಗೆಳೆಯ ಎರಡೇ ತಿಂಗಳಿಗೆ ಬೇರೆ ಸೆಕ್ಷನ್‌ಗೆ ಹೋದ.

ಮುಂಗಾರು:

ಮೂರೂ ಜನ ಕೂತು ಓದಿದೆವು. ಸೂಜಿಮಲ್ಲಿಗೆ ಅವರು ಬರೆದ ಮೂರು ಹೆಸರುಗಳನ್ನು ನಾನೇ ಗಟ್ಟಿಯಾಗಿ ಓದಿದೆ. ಮೂರಕ್ಕೂ ಅವಳು ಬೇಡ ಎಂದಳು, ಯೋಚಿಸಿಯೇ ಹೇಳಿದಳು. ಅವಳ ತಂದೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಗೊತ್ತಿದ್ದೇ ಬಿಡುತ್ತಿದ್ದೀಯಲ್ಲ, ಹಾಗಾದರೆ ಸರಿ ಎಂದರು.

ಗಣಿತ, ಜೀವಶಾಸ್ತ್ರ, ರಸಾಯನಶಾಸ್ತ್ರ, ಅರ್ಥಶಾಸ್ತ್ರ. ಹಳೆಯ ಹಾಳೆಯಲ್ಲೇ, ಕಾಗದ ತೆಳ್ಳಗಾಗಿದ್ದ ಆ ಜಾಗದಲ್ಲಿ, ಈ ಸಲ ಪೆನ್ನಿನಲ್ಲಿ ಬರೆದಳು. ನಮ್ಮ ಶಾಲೆಯಲ್ಲಿ ಬದಲಾವಣೆಗೆ ಆರು ವಾರ ಸಮಯವಿದೆಯಂತೆ, ಪತ್ರದಲ್ಲಿ ಬರೆಸಿಕೊಂಡಿದ್ದೇನೆ. ಬೆಳಗಿನ ಓದು ಅವರೇ, ಇತಿಹಾಸದ ಪುಸ್ತಕಗಳನ್ನು ಅವಳು ರಜೆಯಲ್ಲಿ ಓದುತ್ತಾಳಂತೆ. ಎಲ್ಲಿಂದ ಶುರುಮಾಡಬೇಕು ಎಂದು ನಿಮ್ಮನ್ನು ಕೇಳಲು ಹೇಳಿದ್ದಾಳೆ. ಮೇಷ್ಟ್ರೇ, ತರಗತಿ ಶುರುವಾಗಲು ಇನ್ನೂ ಐದು ವಾರ ಇದೆ. ಗಣಿತದಲ್ಲಿ ಯಾವುದನ್ನು ಮೊದಲು ಹಿಡಿಯಬೇಕು?

ಹಳೆಯ ಮೇಷ್ಟ್ರು:

ಮೊದಲ ವಾರ ಭಿನ್ನರಾಶಿ ಮಾತ್ರ, ದಿನಕ್ಕೆ ಹತ್ತು ಲೆಕ್ಕ, ಕ್ಯಾಲ್ಕುಲೇಟರ್ ಮುಟ್ಟದೆ. ಎರಡನೆಯ ವಾರ ಆವರಣ ಬಿಡಿಸುವುದು ಮತ್ತು ಅಪವರ್ತನ. ಆಮೇಲೆ ಘಾತಾಂಕಗಳು, ಅದರ ನಂತರ ಸರಳ ರೇಖೆಯ ನಕ್ಷೆ. ಆ ಹದಿನಾಲ್ಕು ಲೆಕ್ಕಗಳನ್ನು ಕೊನೆಯ ವಾರ ಹೊಸ ಹಾಳೆಯಲ್ಲಿ ಮತ್ತೆ ಮಾಡಲಿ, ಹಳೆಯ ಉತ್ತರ ನೋಡದೆ. ನಿಜವಾಗಿ ತಿಳಿಯದ ಆ ಎರಡು ಲೆಕ್ಕಗಳನ್ನು ಇಲ್ಲೇ ಬರೆದು ಹಾಕಿ ಅಮ್ಮಾ, ನಾನು ಬಿಡಿಸಿ ತೋರಿಸುತ್ತೇನೆ.